ಹಾಲಿನ ಕವರಿನಲ್ಲಿ ಹಿಡಿ ಮಣ್ಣು

ಕಳೆದ ಮಾಘದ ಒಂದು ಬೆಳಿಗ್ಗೆ ಎದುರು ಮನೆಯ ಮೇಷ್ಟ್ರು ಗೇಟಿನ ಬಳಿ ನಿಂತು ಕೂಗಿದರು. ಕೈಯಲ್ಲಿ ಅರ್ಧ ಲೀಟರಿನ ಹಾಲಿನ ಕವರು, ಅದರೊಳಗೆ ಒಂದು ಹಿಡಿ ಹಸಿ ಮಣ್ಣು. ಕವರಿನ ಒಳಮೈಗೆಲ್ಲ ಬೆವರಿನಂತೆ ಹನಿ ಕೂತಿತ್ತು. ಮಣ್ಣಿನ ನಡುವೆ ಒಂದು ಎರೆಹುಳು ಇನ್ನೂ ಹೊರಳಾಡುತ್ತಿತ್ತು.

"ನೋಡಮ್ಮಾ, ಹೇಗೂ ನೀನು ಪ್ರಯೋಗಾಲಯದ ಕಡೆ ಹೋಗ್ತೀಯಲ್ಲ, ಇದನ್ನ ಮಣ್ಣು ಪರೀಕ್ಷೆಗೆ ಕೊಟ್ಟುಬಿಡು. ಕರಿಬೇವಿನ ಗಿಡ ಎರಡು ವರ್ಷದಿಂದ ಹಳದಿ ತಿರುಗಿ ನಿಂತಿದೆ. ಏನು ಹಾಕಿದರೂ ಕೇಳ್ತಾ ಇಲ್ಲ."

ಏನೇನು ಹಾಕಿದಿರಿ ಎಂದು ಕೇಳಿದೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ, ಯಾರೋ ಹೇಳಿದರೆಂದು ಎರಡು ಸಲ ಡಿಎಪಿ, ಇನ್ಯಾರೋ ಹೇಳಿದರೆಂದು ಯೂರಿಯಾ. ಈ ಮಣ್ಣು ಎಲ್ಲಿಂದ ತೆಗೆದಿರಿ ಅಂದೆ. "ಹಿಂದಿನ ನಲ್ಲಿ ಹತ್ತಿರ. ಅಲ್ಲಿ ಮೆತ್ತಗಿತ್ತು, ಕೈಯಲ್ಲೇ ಬಂತು" ಎಂದರು. ಕರಿಬೇವಿನ ಗಿಡ ಇರುವುದು ಮುಂದಿನ ಕಾಂಪೌಂಡ್ ಗೋಡೆಯ ಪಕ್ಕ.

ಮೇಷ್ಟ್ರು ನಲವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವರು. ಗಿಡದ ಮೇಲೆ ಅವರಿಗಿರುವ ಅಕ್ಕರೆ ಇಡೀ ಬೀದಿಗೆ ಗೊತ್ತು. ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಅನ್ನಿಸಿದ್ದೇ ದೊಡ್ಡ ವಿಷಯ. ಆದರೆ ಆ ಕವರನ್ನು ಹಾಗೇ ಒಯ್ದು ಕೊಟ್ಟಿದ್ದರೆ ಏನಾಗುತ್ತಿತ್ತು? ಪ್ರಯೋಗಾಲಯದವರು ಅದನ್ನು ಒಣಗಿಸಿ, ಜರಡಿ ಹಿಡಿದು, ಅಳೆದು ತೂಗಿ ಒಂದು ವರದಿ ಕೊಡುತ್ತಿದ್ದರು. ಅದರ ಅಂಕಿಗಳೆಲ್ಲ ನಿಜವಾಗಿಯೇ ಇರುತ್ತಿದ್ದವು, ಆದರೆ ಪಾತ್ರೆ ತೊಳೆದ ನೀರು ನಿಲ್ಲುವ ನಲ್ಲಿಯ ಬುಡಕ್ಕೆ ಮಾತ್ರ. ಕರಿಬೇವಿಗೂ ಅದಕ್ಕೂ ಸಂಬಂಧವಿಲ್ಲ. ಮೇಷ್ಟ್ರು ಆ ಕಾಗದವನ್ನು ನಂಬಿ ಇನ್ನೂ ಎರಡು ವರ್ಷ ಏನಾದರೊಂದು ಸುರಿಯುತ್ತಿದ್ದರು.

ಮಣ್ಣು ಪರೀಕ್ಷೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಕೊಳವೆ, ಬಣ್ಣದ ದ್ರಾವಣ, ಬಿಳಿ ಕೋಟು. ಪರೀಕ್ಷೆ ಕೆಡುವುದು ಹೆಚ್ಚಾಗಿ ಅಲ್ಲಿ ಅಲ್ಲ, ನಮ್ಮ ಹಿತ್ತಿಲಲ್ಲಿ, ನಾವು ಮಣ್ಣು ತೆಗೆಯುವ ಗಳಿಗೆಯಲ್ಲಿ. ತಪ್ಪು ಜಾಗದ ಮಣ್ಣನ್ನು ಸರಿಪಡಿಸುವ ಯಂತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ.

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅನ್ನದ ಮಟ್ಟಿಗೆ ಅದು ಸರಿ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಒಲೆ, ನಡುವೆ ಸೌಟು ಆಡಿಸಿರುತ್ತೇವೆ. ಹಿತ್ತಿಲಿಗೆ ಯಾರೂ ಸೌಟು ಆಡಿಸಿರುವುದಿಲ್ಲ. ಒಂದು ಮೂಲೆಯಲ್ಲಿ ಹತ್ತು ವರ್ಷ ಸಗಣಿ ಬಿದ್ದಿರುತ್ತದೆ, ಇನ್ನೊಂದು ಮೂಲೆಯಲ್ಲಿ ಮನೆ ಕಟ್ಟಿದಾಗ ಸಿಮೆಂಟು ಕಲಸಿರುತ್ತಾರೆ. ಅಲ್ಲಿಗೂ ಇಲ್ಲಿಗೂ ಇರುವ ದೂರ ಹತ್ತು ಅಡಿ.

ಲೆಕ್ಕ ಹಾಕಿ ನೋಡಿ. ಮೇಷ್ಟ್ರದು ಮೈಸೂರಿನ ಬಡಾವಣೆಗಳಲ್ಲಿ ಸಾಮಾನ್ಯವಾದ 40x60 ಸೈಟು. ಮನೆ, ಕಾರು ನಿಲ್ಲಿಸುವ ಜಾಗ, ಒಗೆಯುವ ಕಲ್ಲು ಎಲ್ಲ ಕಳೆದು ಬರಿ ಮಣ್ಣು ಉಳಿದಿರುವುದು ಸುಮಾರು 300 ಚದರ ಅಡಿ. ಗಿಡದ ಬೇರು ಹೆಚ್ಚಾಗಿ ಓಡಾಡುವ ಮೇಲಿನ ಅರ್ಧ ಅಡಿಯನ್ನಷ್ಟೇ ಹಿಡಿದರೂ 150 ಘನ ಅಡಿ ಮಣ್ಣು. ಘನ ಅಡಿಗೆ 37 ಕೆಜಿಯಂತೆ ಸುಮಾರು ಐದೂವರೆ ಟನ್. ಇದರಲ್ಲಿ ನಾವು ಕಳಿಸುವುದು ಅರ್ಧ ಕೆಜಿ. ಆ ಅರ್ಧ ಕೆಜಿಯಲ್ಲಿ ಸಾವಯವ ಇಂಗಾಲದ ಪರೀಕ್ಷೆಗೆ ಬಳಸುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಅಂದರೆ 55 ಲಕ್ಷ ಗ್ರಾಂ ಮಣ್ಣಿನ ಪರವಾಗಿ ಒಂದು ಗ್ರಾಂ ಮಾತಾಡಬೇಕು. ಆ ಒಂದು ಗ್ರಾಂ ಸುಳ್ಳಾಡದ ಹಾಗೆ ನೋಡಿಕೊಳ್ಳುವುದಷ್ಟೇ ಮಾದರಿ ತೆಗೆಯುವವರ ಕೆಲಸ.

ರೈತರ ಜಮೀನಿಗೆ ಇದರ ಒಂದು ಏರ್ಪಾಡು ಇದೆ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತವಾದರೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕ ಇಟ್ಟುಕೊಂಡರು. ಎರಡೂವರೆ ಹೆಕ್ಟೇರ್ ಅಂದರೆ ಆರು ಎಕರೆಗೂ ಮೇಲೆ. ಇಷ್ಟು ದೊಡ್ಡ ಹೊಲಕ್ಕೆ ಒಂದು ಮಾದರಿ ಸಾಕಾದರೆ ನನ್ನ ಅಂಗೈಯಗಲದ ಕೈತೋಟಕ್ಕೆ ಒಂದು ಹಿಡಿ ಸಾಲದೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಹೊಲ ತಲೆಮಾರುಗಳಿಂದ ಒಂದೇ ನೇಗಿಲ ಕೆಳಗೆ ಉರುಳಿ ಬಂದ ಮಣ್ಣು. ಊರೊಳಗಿನ ಸೈಟಿನ ಮಣ್ಣು ಹಾಗಲ್ಲ, ಅದು ಲಾರಿಯಲ್ಲಿ ಬಂದಿರುತ್ತದೆ, ಪಾಯ ತೋಡಿದಾಗ ಅಡಿಯಿಂದ ಮೇಲೆದ್ದಿರುತ್ತದೆ, ಒಡೆದ ಇಟ್ಟಿಗೆಯ ಜೊತೆ ಬೆರೆತಿರುತ್ತದೆ. ಚಿಕ್ಕ ಜಾಗದಲ್ಲಿ ಮಣ್ಣು ಹೆಚ್ಚು ವಿಧವಾಗಿರುತ್ತದೆ. ಕೈತೋಟದ ಮಾದರಿಗೆ ಹೊಲದ ಮಾದರಿಗಿಂತ ಹೆಚ್ಚು ಎಚ್ಚರ ಬೇಕಾಗುವುದು ಇದರಿಂದಲೇ.

ಆದ್ದರಿಂದ ಗುದ್ದಲಿ ಹಿಡಿಯುವ ಮುಂಚೆ ಒಂದು ಸುತ್ತು ನಡೆಯಬೇಕು. ಆವತ್ತು ನಾನೂ ಮೇಷ್ಟ್ರೂ ಹಾಗೆ ಸುತ್ತಿದೆವು. ಮನೆ ಕಟ್ಟಿದಾಗ ಮರಳು, ಜಲ್ಲಿ ಎಲ್ಲಿ ಸುರಿದಿದ್ದರು? ಸಿಮೆಂಟು ಕಲಸಿದ್ದು ಯಾವ ಕಡೆ? ಅವರಿಗೆ ಎಲ್ಲ ನೆನಪಿತ್ತು. ಕಲಸಿದ್ದು ಮುಂದೆ, ಗೇಟಿನ ಬಲಕ್ಕೆ. ಉಳಿದ ಗಾರೆ, ಇಟ್ಟಿಗೆ ಚೂರುಗಳನ್ನು ಅಲ್ಲೇ ಹರಡಿ ಮೇಲೆ ಎರಡು ಲೋಡು ಕೆಂಪು ಮಣ್ಣು ಹಾಕಿಸಿದ್ದರು. ಹೇಳುತ್ತಾ ಹೇಳುತ್ತಾ ಅವರೇ ಕರಿಬೇವಿನ ಗಿಡದತ್ತ ತಿರುಗಿ ನೋಡಿದರು. ಅದು ನಿಂತಿರುವುದು ಅದೇ ಜಾಗದಲ್ಲಿ.

ಗಿಡವೂ ತನ್ನ ಕಥೆ ಹೇಳುತ್ತಿತ್ತು. ಹಳದಿಯಾಗಿದ್ದು ತುದಿಯ ಎಳೆ ಎಲೆಗಳು. ಎಲೆಯ ಬಯಲು ಹಳದಿ, ನರ ಮಾತ್ರ ಹಸಿರು, ಬಲೆ ಹೆಣೆದಂತೆ. ಸಾರಜನಕ ಕಡಿಮೆಯಾದರೆ ಮೊದಲು ಕೆಳಗಿನ ಹಳೆ ಎಲೆ ಇಡಿಯಾಗಿ ಹಳದಿಯಾಗುತ್ತದೆ, ಏಕೆಂದರೆ ಗಿಡ ಅಲ್ಲಿಂದ ಸಾರಜನಕವನ್ನು ತೆಗೆದು ತುದಿಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಬಾರದು, ಅದರ ಕೊರತೆ ಎಳೆ ಎಲೆಯಲ್ಲೇ ಕಾಣುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆ ಕೆಂಪು ಬಣ್ಣವೇ ಕಬ್ಬಿಣದ್ದು. ಆದರೆ ಮಣ್ಣಿನಲ್ಲಿ ಸುಣ್ಣ ಬೆರೆತು ರಸಸಾರ (ಪಿಎಚ್) ಏರಿದರೆ ಕಬ್ಬಿಣ ನೀರಿನಲ್ಲಿ ಕರಗುವುದು ನಿಂತುಬಿಡುತ್ತದೆ. ರಸಸಾರ ಒಂದು ಅಂಕ ಮೇಲೇರಿದರೆ ಕರಗುವ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ತುಂಬಿದ ಕಣಜದ ಮುಂದೆ ಗಿಡ ಹಸಿದು ನಿಲ್ಲುತ್ತದೆ. ಇದು ನಮ್ಮ ಊಹೆ. ಊಹೆಯನ್ನು ಪರೀಕ್ಷೆ ಹೌದು ಅಥವಾ ಇಲ್ಲ ಅನ್ನಬೇಕಾದರೆ ಮಾದರಿ ಸರಿಯಿರಬೇಕು.

ಸುತ್ತಿದ ಮೇಲೆ ಮೇಷ್ಟ್ರ ಮನೆಯಲ್ಲಿ ಮೂರು ಮಣ್ಣು ಇವೆ ಎಂದು ಗೊತ್ತಾಯಿತು. ಮುಂದಿನ ಪಟ್ಟಿ, ಹಿಂದಿನ ಸೊಪ್ಪು ತರಕಾರಿ ಮಡಿ, ಪಕ್ಕದ ಪುಟ್ಟ ಹುಲ್ಲುಹಾಸು. ಮೂರಕ್ಕೂ ಬೇರೆ ಬೇರೆ ಮಾದರಿ. ಎಲ್ಲವನ್ನೂ ಕಲಸಿ ಒಂದೇ ಮಾಡಿದರೆ ಖರ್ಚು ಉಳಿಯುತ್ತದೆ ನಿಜ. ಬರುವ ಅಂಕಿ ಮಾತ್ರ ಮುಂದೆಯೂ ಇಲ್ಲದ, ಹಿಂದೆಯೂ ಇಲ್ಲದ ಯಾವುದೋ ಮಣ್ಣಿನದ್ದಾಗುತ್ತದೆ. ಜ್ವರ ಬಂದವನ ಮತ್ತು ಮೈ ತಣ್ಣಗಿರುವವನ ತಾಪಮಾನ ಕೂಡಿಸಿ ಎರಡರಿಂದ ಭಾಗಿಸಿ ಇಬ್ಬರೂ ಆರೋಗ್ಯವಾಗಿದ್ದಾರೆ ಎಂದ ಹಾಗೆ. ಮೂರಕ್ಕೂ ಮಾಡಿಸಲು ಆಗದಿದ್ದರೆ ತೊಂದರೆ ಇರುವ ಒಂದೇ ಜಾಗದ್ದು ಮಾಡಿಸಲಿ. ಬೆರೆಸುವುದು ಬೇಡ.

ಯಾವ ಜಾಗದಿಂದ ತೆಗೆಯಬಾರದು ಎಂಬುದು ತೆಗೆಯುವ ಜಾಗಕ್ಕಿಂತ ಮುಖ್ಯ. ಗೋಡೆಯ ಬುಡದ ಎರಡು ಮೂರು ಅಡಿ ಬಿಡಬೇಕು. ಅಲ್ಲಿ ಸುಣ್ಣ, ಸಿಮೆಂಟು, ಬಣ್ಣದ ಚಕ್ಕೆ ಉದುರಿರುತ್ತದೆ, ಹಳೆಯ ಮನೆಯ ಬಣ್ಣದಲ್ಲಿ ಸೀಸವೂ ಇರಬಹುದು. ತಿಪ್ಪೆ, ಕಾಂಪೋಸ್ಟ್ ಗುಂಡಿ ಇದ್ದ ಜಾಗ ಬೇಡ. ತರಗೆಲೆ ಸುಟ್ಟ ಜಾಗವೂ ಬೇಡ, ಬೂದಿಯಲ್ಲಿ ಪೊಟ್ಯಾಷ್ ತುಂಬಿರುತ್ತದೆ, ರಸಸಾರವನ್ನೂ ಅದು ಏರಿಸುತ್ತದೆ. ಪಾತ್ರೆ ಬಟ್ಟೆಯ ಸೋಪಿನ ನೀರು ಹರಿಯುವ ಕಡೆ, ಮಾಳಿಗೆಯ ನೀರು ಧೋ ಎಂದು ಬೀಳುವ ಕಡೆ, ನೀರು ಶುದ್ಧೀಕರಿಸುವ ಯಂತ್ರದ ಉಪ್ಪು ನೀರು ಬಿಡುವ ಕಡೆ ಬೇಡ. ಗಿಡದ ಪಾತಿಯಲ್ಲಿ ಈಚೆಗೆ ಗೊಬ್ಬರ ಹಾಕಿದ ಉಂಗುರ ಬೇಡ. ನಮ್ಮ ಮನೆಗಳಲ್ಲಿ ಇನ್ನೊಂದು ಜಾಗವಿದೆ, ಪುಸ್ತಕಗಳಲ್ಲಿ ಅದರ ಮಾತು ಕಾಣುವುದಿಲ್ಲ: ಬಾಗಿಲ ಮುಂದಿನ ರಂಗೋಲಿ ತೊಳೆದ ನೀರು ಇಂಗುವ ಅಂಚು. ರಂಗೋಲಿ ಪುಡಿ ಹಲವು ಕಡೆ ಸುಣ್ಣದಂಶದ ಬಿಳಿ ಕಲ್ಲನ್ನು ಅರೆದದ್ದು. ದಿನಾ ಒಂದು ಹಿಡಿಯಂತೆ ಇಪ್ಪತ್ತು ವರ್ಷ ತೊಳೆದುಕೊಂಡು ಬಂದ ಜಾಗದ ಮಣ್ಣು ಉಳಿದ ಅಂಗಳದ ಮಣ್ಣಾಗಿ ಉಳಿದಿರುವುದಿಲ್ಲ.

ಕಾಲ ಯಾವುದು? ಗೊಬ್ಬರ ಹಾಕಿ ಒಂದೆರಡು ತಿಂಗಳಾದರೂ ಕಳೆದಿರಬೇಕು. ಮುಂಗಾರಿಗೆ ಮುಂಚೆ ಗಿಡ ಹಾಕುವವರು ಚಳಿಗಾಲ ಮುಗಿಯುತ್ತಿದ್ದಂತೆ ಮಾದರಿ ತೆಗೆದರೆ ವರದಿ ಬಂದು, ಓದಿ, ಬೇಕಾದ್ದನ್ನು ಮಣ್ಣಿಗೆ ಸೇರಿಸಲು ಸಮಯ ಸಿಗುತ್ತದೆ. ಸುಣ್ಣವಾಗಲಿ, ಗಂಧಕವಾಗಲಿ ಹಾಕಿದ ಮರುದಿನ ಕೆಲಸ ಮಾಡುವುದಿಲ್ಲ, ತಿಂಗಳುಗಟ್ಟಲೆ ಬೇಕು. ಮಣ್ಣು ಹದವಾಗಿರಬೇಕು. ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಕೆಳಗೆ ಬಿಟ್ಟರೆ ಒಡೆಯಬೇಕು. ಕೈಗೆ ಮೆತ್ತಿಕೊಂಡರೆ ಎರಡು ದಿನ ಕಾಯಿರಿ.

ಸಲಕರಣೆ ದೊಡ್ಡದೇನೂ ಬೇಡ. ಸಲಿಕೆ ಅಥವಾ ಕೈಗುದ್ದಲಿ, ಒಂದು ಪ್ಲಾಸ್ಟಿಕ್ ಬಕೆಟ್ಟು, ಹರವಲು ಶುಭ್ರ ಬಟ್ಟೆ. ಸತುವಿನ ಪ್ರಮಾಣ ಗೊತ್ತಾಗಬೇಕೆಂದಿದ್ದರೆ ತಗಡಿನ ಬಕೆಟ್ಟು, ಜಿ.ಐ. ಪೈಪಿನ ತುಂಡು ಬೇಡವೇ ಬೇಡ. ಅವುಗಳಿಗೆ ಸತುವಿನ ಲೇಪ ಇರುತ್ತದೆ. ಮಣ್ಣಿನಲ್ಲಿ ಸತು ಸಾಕೇ ಸಾಲದೇ ಎಂದು ತೀರ್ಮಾನಿಸುವ ಗೆರೆ ಹತ್ತು ಲಕ್ಷ ಭಾಗಕ್ಕೆ 0.6 ಭಾಗ, ಅಂದರೆ ಒಂದು ಕೆಜಿ ಮಣ್ಣಿಗೆ ಒಂದು ಮಿಲಿಗ್ರಾಂ ಕೂಡ ಅಲ್ಲ. ಬಕೆಟ್ಟಿನ ಒಂದು ಗೀರು ಸಾಕು, ಕೊರತೆಯನ್ನು ಮುಚ್ಚಿಹಾಕಲು. ಗೊಬ್ಬರದ ಖಾಲಿ ಚೀಲದ ಮೇಲೆ ಮಣ್ಣು ಹರವುವವರನ್ನೂ ನೋಡಿದ್ದೇನೆ. ಚೀಲದ ಮೂಲೆಯಲ್ಲಿ ಉಳಿದ ನಾಲ್ಕು ಕಾಳು ಗೊಬ್ಬರ ಇಡೀ ಮಾದರಿಯನ್ನು ಕೆಡಿಸುತ್ತದೆ.

ಈಗ ಗುಂಡಿ. ಮುಂದಿನ ಪಟ್ಟಿಯಲ್ಲಿ ಹನ್ನೆರಡು ಕಡೆ ಗುರುತು ಹಾಕಿದೆವು. ಚುಕ್ಕಿ ರಂಗೋಲಿಯ ಹಾಗೆ ಸಾಲಾಗಿ ಅಲ್ಲ, ಅಡ್ಡಾದಿಡ್ಡಿಯಾಗಿ, ಆ ಅಂಚಿನಿಂದ ಈ ಅಂಚಿಗೆ ಹಾವು ಹರಿದಂತೆ. ಮೇಲಿನ ತರಗೆಲೆ, ಹುಲ್ಲು, ಕಡ್ಡಿಯನ್ನು ಕೈಯಿಂದ ಸರಿಸಬೇಕು. ಮಣ್ಣನ್ನು ಕೆರೆಯಬಾರದು, ಕೆರೆದರೆ ಮೇಲ್ಪದರವೇ ಹೋಗುತ್ತದೆ. ಆಮೇಲೆ ವಿ ಆಕಾರದಲ್ಲಿ ಅರ್ಧ ಅಡಿ ಆಳ, ಅಂದರೆ 15 ಸೆಂಟಿಮೀಟರ್ ತೋಡಬೇಕು. ತೋಡಿದ ಮಣ್ಣು ಮಾದರಿಯಲ್ಲ, ಅದನ್ನು ಪಕ್ಕಕ್ಕಿಡಿ. ಗುಂಡಿಯ ಓರೆ ಗೋಡೆಗೆ ಸಲಿಕೆ ಇಟ್ಟು ಮೇಲಿನಿಂದ ಕೆಳತನಕ ಹೆಬ್ಬೆರಳ ದಪ್ಪದ ಒಂದು ಹೋಳು ಸೀಳಬೇಕು. ಹಲಸಿನ ತೊಳೆ ಬಿಡಿಸುವಾಗಿನ ತಾಳ್ಮೆ ಬೇಕು ಇಲ್ಲಿ. ಹೋಳು ಸಲಿಕೆಯ ಮೇಲೆ ಮಲಗಿದಾಗ ಎಡಬಲದ ಮಣ್ಣನ್ನು ಕಡ್ಡಿಯಿಂದ ತೆಗೆದು ನಡುವಿನ ಎರಡಂಗುಲ ಅಗಲದ ಪಟ್ಟಿಯನ್ನು ಮಾತ್ರ ಬಕೆಟ್ಟಿಗೆ ಹಾಕಬೇಕು.

ಈ ಹೋಳಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಹೋಳು ಮೇಲೆ ದಪ್ಪ, ಕೆಳಗೆ ತೆಳು ಬಂದರೆ ಬಿಸಾಡಿ ಇನ್ನೊಂದು ತೆಗೆಯಬೇಕು. ಬಿದ್ದ ಎಲೆ ಕೊಳೆಯುವುದು ಮೇಲೆ, ನಾವು ಎರಚಿದ ಗೊಬ್ಬರ ನಿಲ್ಲುವುದು ಮೇಲೆ, ರಂಜಕವಂತೂ ಬಿದ್ದಲ್ಲಿಂದ ಕದಲುವುದೇ ಕಷ್ಟ. ಮೇಲಿನ ಎರಡು ಅಂಗುಲ ಹೆಚ್ಚಾಗಿ ಬಂದರೆ ವರದಿಯಲ್ಲಿ ಮಣ್ಣು ಇರುವುದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ. ಕೆಳಗಿನದು ಹೆಚ್ಚಾದರೆ ಬಡವಾಗಿ ಕಾಣುತ್ತದೆ. ಮೊದಲ ಮೂರು ಗುಂಡಿಯಲ್ಲಿ ಮೇಷ್ಟ್ರಿಗೆ ಇದು ಕೈಗೆ ಹತ್ತಲಿಲ್ಲ, ನಾಲ್ಕನೆಯದರಿಂದ ನನಗಿಂತ ಚೆನ್ನಾಗಿ ತೆಗೆದರು. ಐದನೇ ಗುಂಡಿಯಲ್ಲಿ ಸಲಿಕೆ ಟಣ್ ಎಂದಿತು. ಕೈ ಹಾಕಿ ನೋಡಿದರೆ ಇಟ್ಟಿಗೆ ಚೂರು, ಅದಕ್ಕೆ ಅಂಟಿದ ಬೂದು ಗಾರೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಹುಲ್ಲುಹಾಸಿಗೆ ಅರ್ಧ ಅಡಿ ಬೇಡ, ಮೂರು ನಾಲ್ಕು ಅಂಗುಲ ಸಾಕು. ಹುಲ್ಲಿನ ಬೇರಿನ ಜಾಲ ಇರುವುದು ಅಷ್ಟರಲ್ಲೇ. ಹಣ್ಣಿನ ಮರಕ್ಕೆ ಬೇರೆ ಕ್ರಮ: ಕಾಂಡದ ಬುಡದಲ್ಲಲ್ಲ, ಕೊಂಬೆಯ ಹನಿ ಬೀಳುವ ಅಂಚಿನಲ್ಲಿ ಸುತ್ತಲೂ ಐದಾರು ಕಡೆ, ಮೇಲಿನ ಒಂದು ಅಡಿಯದು ಒಂದು ಮಾದರಿ, ಅದರ ಕೆಳಗಿನ ಒಂದು ಅಡಿಯದು ಇನ್ನೊಂದು. ಕುಂಡಗಳಾದರೆ ಒಂದೇ ಬಗೆಯ ಮಿಶ್ರಣ ತುಂಬಿದ ನಾಲ್ಕೈದು ಕುಂಡಗಳಿಂದ ಮೇಲಿನ ಅಂಗುಲ ಸರಿಸಿ ನಡುವಿನ ಮಣ್ಣು ತೆಗೆಯಿರಿ.

ಇದನ್ನು ಓದುತ್ತಿರುವವರಲ್ಲಿ ಕೆಂಪು ಮಣ್ಣಿನವರು ಮಾತ್ರ ಇರುವುದಿಲ್ಲ. ಧಾರವಾಡ, ಗದಗ, ವಿಜಯಪುರದ ಕಡೆಯ ಎರೆ ಮಣ್ಣಿನ ಹಿತ್ತಿಲಲ್ಲಿ ಬೇಸಿಗೆಯ ಬಿರುಕಿನೊಳಗೆ ಮೇಲಿನ ಮಣ್ಣು, ಕಸ, ಗೊಬ್ಬರ ಉದುರಿ ಆಳಕ್ಕೆ ಇಳಿದಿರುತ್ತದೆ. ಆದ್ದರಿಂದ ಬಿರುಕನ್ನು ಬಿಟ್ಟು ಗಟ್ಟಿ ನೆಲದಲ್ಲಿ ತೋಡಬೇಕು. ಎರೆ ಒಣಗಿದರೆ ಹೆಂಟೆ ಕಲ್ಲಾಗುತ್ತದೆ, ಹಸಿಯಿದ್ದಾಗಲೇ ಕೈಯಿಂದ ಪುಡಿ ಮಾಡಿಕೊಳ್ಳಬೇಕು. ಕರಾವಳಿ, ಮಲೆನಾಡಿನ ಮುರಕಲ್ಲಿನ ನೆಲದಲ್ಲಿ ಸಮಸ್ಯೆ ತಿರುವುಮುರುವು. ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿಯವರು ಮಾದರಿ ಕೊಡುವಾಗ ಯಾವ ಊರಿನ ಮಣ್ಣೆಂದು ಸ್ಪಷ್ಟವಾಗಿ ಬರೆಯಲೇಬೇಕು, ಏಕೆಂದರೆ ರಂಜಕ ಅಳೆಯಲು ಹುಳಿ ಮಣ್ಣಿಗೆ ಬ್ರೇ ವಿಧಾನ, ಉಳಿದದ್ದಕ್ಕೆ ಓಲ್ಸೆನ್ ವಿಧಾನ. ಒಂದರ ದ್ರಾವಣದಲ್ಲಿ ಇನ್ನೊಂದನ್ನು ಅಳೆದರೆ ಬರುವ ಅಂಕಿಗೆ ಅರ್ಥವಿಲ್ಲ.

ಹನ್ನೆರಡು ಗುಂಡಿಯ ಪಟ್ಟಿಗಳು ಸೇರಿ ಬಕೆಟ್ಟಿನಲ್ಲಿ ಸುಮಾರು ಮೂರು ಕೆಜಿ ಆಗಿತ್ತು. ಬಟ್ಟೆಯ ಮೇಲೆ ಸುರಿದು, ಹೆಂಟೆ ಒಡೆದು, ಬೇರು, ಕಲ್ಲು ಆರಿಸಿ, ಕಣದ ರಾಶಿಯಂತೆ ಮೂರು ನಾಲ್ಕು ಸಲ ಮಗುಚಿ ಬೆರೆಸಿದೆವು. ಇಷ್ಟಾದ ಮೇಲೆ ಎಲ್ಲರಿಗೂ ಮೇಲಿನಿಂದ ಅರ್ಧ ಕೆಜಿ ಮೊಗೆಯುವ ಆಸೆಯಾಗುತ್ತದೆ. ಮೊಗೆಯಬಾರದು. ರಾಶಿಯಲ್ಲಿ ದಪ್ಪ ಕಾಳು ಅಂಚಿಗೆ ಉರುಳುತ್ತದೆ, ನುಣ್ಣನೆಯದು ನಡುವೆ ಕೂರುತ್ತದೆ. ರಾಶಿಯನ್ನು ರೊಟ್ಟಿಯಂತೆ ತಟ್ಟಿ, ಬೆರಳಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ತೆಗೆದುಬಿಡಿ. ಉಳಿದೆರಡನ್ನು ಮತ್ತೆ ಬೆರೆಸಿ, ಮತ್ತೆ ತಟ್ಟಿ, ಮತ್ತೆ ನಾಲ್ಕು ಪಾಲು. ಮೂರು ಕೆಜಿ ಒಂದೂವರೆಯಾಗಿ, ಒಂದೂವರೆ ಮುಕ್ಕಾಲಾಗಿ ಇಳಿಯುತ್ತದೆ. ಅಷ್ಟಕ್ಕೆ ನಿಲ್ಲಿಸಿ. ತೆಗೆದುಬಿಟ್ಟ ಪಾಲನ್ನು ಗುಂಡಿಗಳಿಗೇ ತುಂಬಿ.

ಒಣಗಿಸುವುದು ನೆರಳಿನಲ್ಲಿ. ಬೇಗ ಆಗಲಿ ಎಂದು ತಾರಸಿಯ ಬಿಸಿಲಿಗೆ ಹಾಕುವವರು, ಬಾಣಲೆಯಲ್ಲಿ ಹುರಿಯುವವರು ಇದ್ದಾರೆ. ಬಿಸಿ ತಾಗಿದರೆ ಪೊಟ್ಯಾಷ್, ಮ್ಯಾಂಗನೀಸ್ ಗಿಡಕ್ಕೆ ಸಿಗುವ ಪ್ರಮಾಣವೇ ಬದಲಾಗುತ್ತದೆ. ಹಸಿ ಮಣ್ಣನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ಕೆಲಸ ಮುಂದುವರಿಸಿ ಸಾರಜನಕದ ಲೆಕ್ಕವನ್ನೇ ಬದಲಿಸುತ್ತವೆ. ಹಾಲಿನ ಕವರಿನ ಬೆವರು ನೋಡಿ ನಾನು ಬೆಚ್ಚಿದ್ದು ಅದಕ್ಕೇ. ಗಾಳಿಯಾಡುವ ಕೋಣೆಯಲ್ಲಿ ಬಟ್ಟೆಯ ಮೇಲೆ ಮೂರು ನಾಲ್ಕು ದಿನ ಸಾಕು. ಬೆಕ್ಕು ಬರದ ಕೋಣೆಯಾಗಿರಲಿ, ಹರವಿದ ಮಣ್ಣು ಕಂಡರೆ ಅದು ಬಿಡುವುದಿಲ್ಲ.

ಒಣಗಿದ ಮೇಲೆ ಬಟ್ಟೆ ಚೀಲ. ಒಳಗೊಂದು, ಹೊರಗೊಂದು ಚೀಟಿ, ಬರೆಯುವುದು ಪೆನ್ಸಿಲ್ಲಿನಲ್ಲಿ, ಅದು ತೇವಕ್ಕೆ ಹರಡುವುದಿಲ್ಲ. ಹೆಸರು, ವಿಳಾಸ, ತಾರೀಕು, ಎಷ್ಟು ಆಳದ್ದು, ಅಲ್ಲಿ ಈಗ ಏನಿದೆ, ಮುಂದೆ ಏನು ಬೆಳೆಯಬೇಕೆಂದಿದ್ದೀರಿ, ಹಿಂದೆ ಏನೇನು ಹಾಕಿದ್ದೀರಿ, ನೀರು ಹೊಳೆಯದೋ ಕೊಳವೆಬಾವಿಯದೋ ಎಲ್ಲವನ್ನೂ ಬರೆಯಿರಿ. ಕೊಳವೆಬಾವಿಯ ಗಡಸು ನೀರು ವರ್ಷಾನುಗಟ್ಟಲೆ ಬಿದ್ದರೆ ಅದೂ ರಸಸಾರವನ್ನು ಮೇಲಕ್ಕೆ ತಳ್ಳುತ್ತದೆ. ವರದಿ ನೋಡಿ ಸಲಹೆ ಬರೆಯುವವರಿಗೆ ಚೀಟಿಯ ಈ ನಾಲ್ಕು ಸಾಲು ಅಂಕಿಗಳಷ್ಟೇ ಬೆಲೆಯುಳ್ಳದ್ದು.

ಕೊಡುವುದೆಲ್ಲಿ ಎಂಬ ಚಿಂತೆ ಬೇಡ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ, ಮೈಸೂರು ಕಡೆಯವರಿಗೆ ಸುತ್ತೂರಿನದು. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿವೆ. ಮೊದಲು ಫೋನ್ ಮಾಡಿ ಕೈತೋಟದ ಮಾದರಿ ತೆಗೆದುಕೊಳ್ಳುತ್ತಾರೆಯೇ, ಯಾವ ಯಾವ ಪರೀಕ್ಷೆಗೆ ಎಷ್ಟು ಶುಲ್ಕ ಎಂದು ಕೇಳಿಕೊಂಡು ಹೋಗಿ. ರಸಸಾರ, ಲವಣಾಂಶ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಇಷ್ಟಂತೂ ಬೇಕು. ಎಲೆ ಹಳದಿಯಾಗಿದ್ದರೆ ಕಬ್ಬಿಣ, ಸತುವನ್ನೂ ಸೇರಿಸಿಕೊಳ್ಳಿ.

ಮೇಷ್ಟ್ರ ವರದಿ ಬಂದಾಗ ಮುಂದಿನ ಪಟ್ಟಿಯ ರಸಸಾರ 8.3, ಹಿಂದಿನ ಮಡಿಯದು 6.9. ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಎರಡು ಊರಿನ ಮಣ್ಣು. ಮುಂದಿನದರಲ್ಲಿ ಸಾವಯವ ಇಂಗಾಲ ಶೇ 0.9. ಶೇ 0.75 ದಾಟಿದರೆ ಹೆಚ್ಚು ಎಂದೇ ಲೆಕ್ಕ. ರಂಜಕದ ಎದುರು 'ಅಧಿಕ' ಎಂದು ಬರೆದಿತ್ತು. ಗಿಡಕ್ಕೆ ಕೊರತೆಯಾಗಿದ್ದು ಗೊಬ್ಬರದ್ದಲ್ಲ, ಎರಡು ವರ್ಷ ಸುರಿದದ್ದೆಲ್ಲ ಅಲ್ಲೇ ಇತ್ತು. ಮೇಲಾಗಿ ಡಿಎಪಿಯಿಂದ ಬಂದು ಕೂತ ರಂಜಕ ಹೆಚ್ಚಾದರೆ ಗಿಡಕ್ಕೆ ಸತು, ಕಬ್ಬಿಣ ಸಿಗುವುದು ಇನ್ನಷ್ಟು ಕಷ್ಟ. ಹುಳಿ ಮಜ್ಜಿಗೆಯ ಹಿಂದೆ ಅನುಭವದ ಬುದ್ಧಿ ಇದೆ, ಹುಳಿ ಹಾಕಿದರೆ ರಸಸಾರ ಇಳಿಯಬೇಕು ಎನ್ನುವ ದಿಕ್ಕು ಸರಿಯಾದದ್ದೇ. ಆದರೆ ಅಡಿಯಲ್ಲಿ ಬುಟ್ಟಿಗಟ್ಟಲೆ ಗಾರೆ ಕೂತಿರುವಾಗ ಒಂದು ಲೋಟ ಮಜ್ಜಿಗೆ ಏನು ಮಾಡೀತು?

ಮನೆಯಂಗಳದ ವರದಿಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಬಯಲಿನ ಹೊಲ ಹಸಿದಿರುತ್ತದೆ, ಕೈತೋಟಕ್ಕೆ ಅಜೀರ್ಣವಾಗಿರುತ್ತದೆ. ಪ್ರೀತಿಯಿಂದ ಹಾಕಿದ್ದು, ಅಳತೆ ತಪ್ಪಿ ಹಾಕಿದ್ದು. ಅಳತೆ ತಪ್ಪಲು ವರದಿಯ ಭಾಷೆಯೂ ಒಂದು ಕಾರಣ, ಅದು ಎಕರೆ, ಹೆಕ್ಟೇರುಗಳಲ್ಲಿ ಮಾತಾಡುತ್ತದೆ. ಎಕರೆಗೆ 40 ಕೆಜಿ ಹಾಕಿ ಎಂದು ಓದಿದವರು 300 ಚದರ ಅಡಿಗೆ ಎಷ್ಟು ಎಂದು ತಿಳಿಯದೆ ಕೈಗೆ ಬಂದಷ್ಟು ಎರಚುತ್ತಾರೆ. ನಮ್ಮ ಗುಂಟೆ ಲೆಕ್ಕ ಇಲ್ಲಿ ಬಹಳ ಅನುಕೂಲ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರ ಅಡಿ. ಎಕರೆಗೆ 40 ಕೆಜಿ ಎಂದರೆ ಗುಂಟೆಗೆ ಒಂದು ಕೆಜಿ. 300 ಚದರ ಅಡಿ ಕಾಲು ಗುಂಟೆಗಿಂತ ತುಸು ಹೆಚ್ಚು, ಅಂದರೆ ಸುಮಾರು 275 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಬಹುದಾದಷ್ಟು. ತೂಗಿಯೇ ಹಾಕಿ.

ಮುಂದಿನ ಪಟ್ಟಿಗೆ ಏನು ಮಾಡುವುದು ಎಂದು ಮಾತಾಡಿದೆವು. ಗಂಧಕ ಹಾಕಿ ರಸಸಾರ ಇಳಿಸಬಹುದು, ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನಿಧಾನವಾಗಿ ಆಮ್ಲವಾಗಿಸುತ್ತವೆ. ಆದರೆ ಗಾರೆ ಇರುವವರೆಗೆ ಆ ಆಮ್ಲವನ್ನೆಲ್ಲ ಸುಣ್ಣವೇ ತಿಂದುಹಾಕುತ್ತದೆ. ಎಲೆಗೆ ಅರ್ಧ ಪರ್ಸೆಂಟಿನ ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಹಸಿರು ಬರುತ್ತದೆ, ಹೊಸ ಎಲೆ ಮತ್ತೆ ಹಳದಿಯಾಗಿಯೇ ಚಿಗುರುತ್ತದೆ. ಮೇಷ್ಟ್ರು ಒಂದು ವಾರ ಯೋಚಿಸಿದರು. ಆಮೇಲೆ ಹಳೆ ಗಿಡದ ಬುಡದಲ್ಲಿ ಎದ್ದಿದ್ದ ಒಂದು ಮರಿಯನ್ನು ಬೇರು ಸಮೇತ ಕಿತ್ತು ಹಿಂದಿನ ಮಡಿಯ ಅಂಚಿನಲ್ಲಿ ನೆಟ್ಟರು. ಹಳೆಯದಕ್ಕೆ ಗೊಬ್ಬರ ನಿಲ್ಲಿಸಿ, ಸುತ್ತಲಿನ ಗಾರೆ ಇಟ್ಟಿಗೆಯನ್ನು ದಿನಕ್ಕೊಂದು ಬುಟ್ಟಿಯಂತೆ ಆರಿಸಿ ಹೊರಹಾಕುತ್ತಿದ್ದಾರೆ.

ಹೋದ ವಾರ ಅವರ ಮನೆಗೆ ಹೋದಾಗ ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರು ಬೆನ್ನು ತಿರುಗಿಸಿ ತೂಗುತ್ತಿತ್ತು. ಬಿಳಿ ಬೆನ್ನಿನ ಮೇಲೆ ಕರಿಹಲಗೆಯಲ್ಲಿ ಬರೆಯುತ್ತಿದ್ದ ಅದೇ ಕೈಯ ನಕ್ಷೆ: ಮನೆ, ಗೇಟು, ನಲ್ಲಿ, ಉತ್ತರ ದಿಕ್ಕಿಗೊಂದು ಬಾಣ, ಮುಂದಿನ ಪಟ್ಟಿಯಲ್ಲಿ ಹನ್ನೆರಡು ಚುಕ್ಕಿ, ಪ್ರತಿ ಚುಕ್ಕಿಯ ಪಕ್ಕ ಗೋಡೆಯಿಂದ ಎಷ್ಟು ಅಡಿ ಎಂಬ ಅಳತೆ. ಎರಡು ಮೂರು ವರ್ಷಕ್ಕೊಮ್ಮೆ, ಅದೇ ಕಾಲದಲ್ಲಿ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ಮಾಡಿಸಿದರೆ ಮಾತ್ರ ಒಂದು ವರದಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು ಎಂದು ನಾನು ಹೇಳಿದ್ದೆ. ನಕ್ಷೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಮೂರು ವರ್ಷದಾಚೆಯ ಮಾಘದ ಒಂದು ತಾರೀಕು ಬರೆದಿತ್ತು.